ಏಳನೆಯ ಚಿಪ್ಪಿನ ಕುಣಿ

ಮುಧೋಳದಿಂದ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು ನನ್ನ ತೊಡೆಯ ಮೇಲಿನ ಡಬ್ಬಿಯನ್ನು ಬಹಳ ಹೊತ್ತು ನೋಡಿ, ಕಡೆಗೆ ತಡೆಯಲಾರದೆ ಕೇಳಿದಳು.

"ಕರದಂಟೇನ್ರಿ?"

"ಅಲ್ರಿ. ಚಿಪ್ಪು. ಸಮುದ್ರದ್ದು."

"ಒಳಗ ಮುತ್ತು ಅದಾವೇನು?"

"ಇಲ್ರಿ."

"ಮುತ್ತಿಲ್ಲಂದ್ರ ಮತ್ಯಾಕ ಕೂಸಿನಂಗ ಹಿಡಕೊಂಡೀರಿ?"

ನಾನು ನಕ್ಕೆ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಬಸ್ಸು ಬ್ರೇಕು ಹಾಕಿದಾಗಲೆಲ್ಲ ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಳ್ಳುತ್ತಿದ್ದೆ. ಅದರೊಳಗೆ ಹತ್ತಿಯ ಹಾಸಿನ ಮೇಲೆ ಹನ್ನೆರಡು ಚಿಪ್ಪುಗಳಿದ್ದವು. ಬೆಳಕು ಎಂದೂ ಇಳಿಯದ ಆಳದಲ್ಲಿ, ಸಮುದ್ರದ ನೆಲದ ಕೆಸರಿನಲ್ಲಿ ಬದುಕಿ ಸತ್ತ ಪ್ರಾಣಿಗಳ ಮನೆಗಳು ಅವು. ಬದುಕಿದ್ದಾಗ ಅವು ಸೂರ್ಯನನ್ನು ಕಂಡಿರಲಿಲ್ಲ. ಈಗ ಜಮಖಂಡಿ ರಸ್ತೆಯ ಬಿಸಿಲಿನಲ್ಲಿ, ಕಾಕಂಬಿಯ ವಾಸನೆಯ ಗಾಳಿಯಲ್ಲಿ, ನನ್ನ ಜೊತೆ ಬನಹಟ್ಟಿಗೆ ಹೊರಟಿದ್ದವು.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ನನಗೆ ಮಾರ್ಗದರ್ಶನ ಮಾಡುವ ಮೇಡಂ ಆಳಸಮುದ್ರದ ಚಿಪ್ಪುಜೀವಿಗಳನ್ನು ಗುರುತಿಸುವವರು. ಅವರ ಬಳಿ ಇಬ್ಬರು ವಿದ್ಯಾರ್ಥಿನಿಯರಿದ್ದೆವು, ನಾನು ಮತ್ತು ಸಮುದ್ರದ ದಂಡೆಯಲ್ಲೇ ಹುಟ್ಟಿದ ನನ್ನ ಗೆಳತಿ. ಆ ವರ್ಷ ಸಂಶೋಧನೆಯ ಹಡಗಿನಲ್ಲಿ ಮೇಡಂ ಜೊತೆ ಹೋಗಲು ಒಬ್ಬರಿಗೆ ಮಾತ್ರ ಜಾಗವಿತ್ತು. ರಜೆಗೆ ಮುಂಚಿನ ದಿನ ಮೇಡಂ ನಮ್ಮಿಬ್ಬರ ಮುಂದೆ ಒಂದೊಂದು ಡಬ್ಬಿ ಇಟ್ಟರು.

"ಎರಡರಲ್ಲೂ ಹನ್ನೆರಡು ಚಿಪ್ಪು. ಎರಡು ಕುಲದವು ಕಲೆತುಹೋಗಿವೆ. ಬೇರೆ ಮಾಡಿ ನನಗೆ ಪಟ್ಟಿ ಕಳಿಸಿ. ಒಂದೇ ಪಟ್ಟಿ, ಒಂದೇ ಸಲ. ಯಾರದು ಸರಿಯೋ ಅವರು ಹಡಗಿಗೆ."

ಅಧ್ಯಯನಕ್ಕೆ ಬೇಡವಾದ, ಕಲಿಯಲೆಂದೇ ಇಟ್ಟ ಬಿಡಿ ಚಿಪ್ಪುಗಳಾದ್ದರಿಂದ ಮನೆಗೆ ಒಯ್ಯಲು ಕೊಟ್ಟಿದ್ದರು. ಹಡಗಿನ ವಿಷಯ ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಗದೆ ಹೋದರೆ ಎಲ್ಲರ ಸಮಾಧಾನದ ಮಾತು ಕೇಳಬೇಕಾಗುತ್ತದೆ. ಅದು ನನ್ನಿಂದ ಆಗದು.

ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ನಾವು ಮಲಗುವ ಕೋಣೆಗೂ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ಮಗ್ಗ ನಡೆಯುತ್ತಿದ್ದರೆ ನಮಗೆ ನಿದ್ದೆ ಬರುತ್ತದೆ, ನಿಂತರೆ ಎಚ್ಚರವಾಗುತ್ತದೆ. ಆ ಸದ್ದಿನಲ್ಲೇ ಕಿಟಕಿಯ ಪಕ್ಕ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಚಿಪ್ಪುಗಳನ್ನು ಅವುಗಳ ಮೇಲೆ ಬರೆದಿದ್ದ ನಂಬರಿನ ಪ್ರಕಾರ ಇಟ್ಟೆ. ಅಪ್ಪ ನೂಲಿನ ಚೀಲ ಇಳಿಸಿ ಬಂದವನು ಬಾಗಿ ನೋಡಿದ.

"ಎಲ್ಲಾ ಒಂದ ನಮೂನಿ ಅದಾವಲ್ಲ."

"ಅದಕ್ಕ ಕೊಟ್ಟಾರ."

"ಒಂದ ನಮೂನಿ ಇದ್ದದ್ದು ಬ್ಯಾರೆ ಮಾಡಾಕ ಇಷ್ಟು ವರ್ಷ ಓದಿಸಿದೆ ನೋಡ ನಿನ್ನ" ಎಂದು ನಗುತ್ತ ಒಳಗೆ ಹೋದ.

ಅಪ್ಪನ ಮಾತು ಅರ್ಧ ನಿಜ. ಹೊರಗಿನಿಂದ ನೋಡಿದರೆ ಅವು ಒಂದೇ. ಅಂಗೈಗಿಂತ ಸ್ವಲ್ಪ ಚಿಕ್ಕವು, ಉದ್ದನೆಯವು, ಸುಣ್ಣದಂತೆ ಬಿಳಿ, ಅಂಚಿನಲ್ಲಿ ಮಾತ್ರ ಕಂದು ಸಿಪ್ಪೆ ಉಳಿದವು. ಹೊಸಬರು ಆಕಾರ ನೋಡಿ ಮೋಸ ಹೋಗುತ್ತಾರೆ. ಒಂದೇ ಜಾತಿಯ ಪ್ರಾಣಿ ಎಳೆಯದಾಗಿದ್ದಾಗ ಗಿಡ್ಡಗಿದ್ದು ಬೆಳೆದಂತೆ ಉದ್ದವಾಗಬಹುದು. ಕಿಕ್ಕಿರಿದು ಬೆಳೆದದ್ದು ಸೊಟ್ಟಗಾಗಬಹುದು. ಹೊರಮೈಯನ್ನು ನಂಬಬಾರದು, ಒಳಮೈಯನ್ನು ಓದಬೇಕು ಎನ್ನುವುದು ಮೇಡಂ ಕಲಿಸಿದ ಮೊದಲ ಪಾಠ.

ಒಳಮೈಯಲ್ಲಿ ನೋಡಬೇಕಾದದ್ದು ಎರಡು ಗುರುತು. ಮೊದಲನೆಯದು ಒಂದು ಗೆರೆ. ಪ್ರಾಣಿಯ ಮೆತ್ತನೆಯ ಮೈಹೊದಿಕೆ ಚಿಪ್ಪಿಗೆ ಅಂಟಿಕೊಂಡಿದ್ದ ಜಾಗ ಅದು. ಅಂಚಿನಿಂದ ಸ್ವಲ್ಪ ಒಳಗೆ, ಅಂಚಿನ ಜೊತೆಜೊತೆಗೇ ಹೋಗುತ್ತದೆ. ಒಂದು ಕುಲದಲ್ಲಿ ಗೆರೆ ಹಿಂಬದಿಗೆ ಬಂದಾಗ ಚೂರು ಒಳಕ್ಕೆ ಬಾಗಿ ಮತ್ತೆ ಹೊರಬರುತ್ತದೆ. ಇನ್ನೊಂದರಲ್ಲಿ ಬಾಗುವುದೇ ಇಲ್ಲ. ಎರಡನೆಯ ಗುರುತು ಒಂದು ಕುಣಿ. ಎರಡು ಚಿಪ್ಪು ಸೇರುವ ಕೀಲಿನ ಹತ್ತಿರ, ಚಿಪ್ಪಿನ ಉಬ್ಬಿದ ನೆತ್ತಿಯ ಕೆಳಗೆ, ಸಣ್ಣ ಹಲ್ಲುಗಳ ಬಗಲಲ್ಲಿ ಇರುತ್ತದೆ. ಬಾಗುವ ಗೆರೆಯಿದ್ದ ಕುಲದಲ್ಲಿ ಈ ಕುಣಿ ಇದೆ, ಬಾಗದ ಕುಲದಲ್ಲಿ ಇಲ್ಲ. ಕುಣಿಯುಳ್ಳದ್ದು ಆರ್ಕಿವೆಸಿಕಾ, ಇಲ್ಲದ್ದು ಕ್ಯಾಲಿಪ್ಟೊಜೀನಾ. ಇವುಗಳ ಬಂಧುಗಳು ಇನ್ನೂ ಎಷ್ಟೋ ಇವೆ, ಅವುಗಳ ಗುರುತೂ ಬೇರೆ. ಆದರೆ ನನ್ನ ಡಬ್ಬಿಯಲ್ಲಿದ್ದದ್ದು ಇವೆರಡೇ.

ಪ್ರಯೋಗಾಲಯದಲ್ಲಿ ಮೊದಲ ಬಾರಿ ಭೂತಗನ್ನಡಿ ಹಿಡಿದು ಆ ಗೆರೆಯನ್ನು ನೋಡಿದ್ದು ಈಗಲೂ ನೆನಪಿದೆ. ಆ ಪ್ರಾಣಿಗೆ ಹೊಟ್ಟೆ ಎನ್ನುವುದು ಹೆಸರಿಗೆ ಮಾತ್ರ. ಅದು ತನ್ನ ಪಾದವನ್ನು ಕೆಸರಿನ ಆಳಕ್ಕೆ ಚಾಚಿ ಅಲ್ಲಿನ ಗಂಧಕದ ವಿಷವನ್ನು ಹೀರುತ್ತದೆ. ಕಿವಿರುಗಳಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳು ಆ ವಿಷದಿಂದಲೇ ಅನ್ನ ಮಾಡಿಕೊಡುತ್ತವೆ. ಅಷ್ಟು ಕತ್ತಲೆಯಲ್ಲಿ, ನಮ್ಮ ಎಲುಬನ್ನು ಪುಡಿಮಾಡುವ ಒತ್ತಡದ ಕೆಳಗೆ, ಯಾರಾದರೂ ನೋಡಲಿ ಎಂದಲ್ಲದೆ, ಅದು ಇಷ್ಟು ನಯವಾದ ಒಂದು ಗೆರೆಯನ್ನು ತನ್ನ ಮನೆಯ ಒಳಗೋಡೆಯ ಮೇಲೆ ಎಳೆದಿತ್ತು.

ತೊಂದರೆಯೆಂದರೆ, ಬಿಳಿಯ ಮೇಲೆ ಬಿಳಿ ಗೆರೆ. ಪ್ರಯೋಗಾಲಯದಲ್ಲಾದರೆ ಸೂಕ್ಷ್ಮದರ್ಶಕವಿತ್ತು, ಬಗ್ಗಿಸಿ ತಿರುಗಿಸುವ ದೀಪವಿತ್ತು. ನನ್ನ ಬಳಿ ಇದ್ದದ್ದು ಕಿಟಕಿಯ ಬೆಳಕು ಮತ್ತು ಒಂದು ಭೂತಗನ್ನಡಿ. ಒಂದು ಗಂಟೆ ನೋಡಿದ ಮೇಲೆ ಇಲ್ಲದ ಗೆರೆಗಳೂ ಕಾಣತೊಡಗಿದವು.

ಆಗಲೇ ನನ್ನ ಕಣ್ಣು ಬೂದಿಯ ಬಟ್ಟಲಿನ ಮೇಲೆ ಬಿತ್ತು.

ನಮ್ಮಲ್ಲಿ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಕೈಯಿಂದ ಹೊಸೆದು ಜೋಡಿಸಬೇಕು. ಸಾವಿರಾರು ಎಳೆ. ಬೆರಳು ಬೆವೆತರೆ ಎಳೆ ಜಾರುತ್ತದೆ. ಅದಕ್ಕೆ ಜೋಡಿಸುವವರು ಪಕ್ಕದಲ್ಲಿ ಜರಡಿ ಹಿಡಿದ ಕುಳ್ಳಿನ ಬೂದಿಯನ್ನು ಇಟ್ಟುಕೊಂಡು ಬೆರಳಿಗೆ ಹಚ್ಚಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಈ ಕೆಲಸ ದೊಡ್ಡವ್ವನದು. ಅಪ್ಪನ ಅಣ್ಣನ ಹೆಂಡತಿ ಅವಳು. ನನಗೂ ಹೈಸ್ಕೂಲಿನ ರಜೆಗಳಲ್ಲಿ ಅವಳೇ ಕಲಿಸಿದ್ದಳು. ಬೂದಿ ಬೆರಳಿನ ಗೆರೆಗಳಲ್ಲಿ ಕೂತು ಪ್ರತಿಯೊಂದು ಗೆರೆಯನ್ನೂ ಎತ್ತಿ ತೋರಿಸುವುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೆ.

ಒಂದು ಚಿಟಿಕೆ ತಂದು ಮೊದಲ ಚಿಪ್ಪಿನ ಒಳಗೆ ತೆಳ್ಳಗೆ ಉಜ್ಜಿ, ಊದಿದೆ. ಗೆರೆ ಎದ್ದು ಬಂತು. ಬೂದು ಬಣ್ಣದ, ಸ್ಪಷ್ಟವಾದ, ಒಂದೇ ಉಸಿರಿಗೆ ಎಳೆದಂಥ ಗೆರೆ. ಹಿಂಬದಿಯಲ್ಲಿ ಅದು ಒಳಕ್ಕೆ ಬಾಗಿ ಮತ್ತೆ ಹೊರಗೆ ಬಂದದ್ದು ಬರಿಗಣ್ಣಿಗೇ ಕಂಡಿತು. ನಾನು ಜೋರಾಗಿ ನಕ್ಕಿರಬೇಕು. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಹನ್ನೆರಡಕ್ಕೂ ಬೂದಿ ಹಚ್ಚಿದೆ. ಆರರಲ್ಲಿ ಬಾಗಿದ ಗೆರೆ, ಜೊತೆಗೆ ನೆತ್ತಿಯ ಕೆಳಗೆ ಕುಣಿ. ಐದರಲ್ಲಿ ಬಾಗೂ ಇಲ್ಲ, ಕುಣಿಯೂ ಇಲ್ಲ. ಉಳಿದದ್ದು ಏಳನೆಯ ನಂಬರಿನ ಚಿಪ್ಪು. ಅದರ ಹಿಂಬದಿ ಸವೆದು, ಗೆರೆ ಬಾಗಬೇಕಾದ ಜಾಗವೇ ಮುಕ್ಕಾಗಿತ್ತು. ಕುಣಿಯಿಂದಲೇ ತೀರ್ಮಾನಿಸಬೇಕು. ಕಿಟಕಿಗೆ ಹಿಡಿದು ಮೂರು ಸಲ ನೋಡಿದೆ. ನೆತ್ತಿಯ ಕೆಳಗೆ ಸಮನಾಗಿತ್ತು. ಕುಣಿಯಿಲ್ಲ.

ಕ್ಯಾಲಿಪ್ಟೊಜೀನಾ ಆರು, ಆರ್ಕಿವೆಸಿಕಾ ಆರು. ಎರಡೂ ಸಮ ಬಂದದ್ದು ನನಗೆ ಸರಿಯೆನಿಸಿತು. ಪಟ್ಟಿಯನ್ನು ಫೋನಿನಲ್ಲಿ ಟೈಪ್ ಮಾಡಿ ಮಧ್ಯಾಹ್ನದ ಊಟಕ್ಕೆ ಮೊದಲೇ ಕಳಿಸಿಬಿಟ್ಟೆ. ಊಟ ಮಾಡುವಾಗ ಮನಸ್ಸಿನಲ್ಲೇ ಹಡಗಿನ ಕಟಕಟೆ ಹಿಡಿದು ನಿಂತಿದ್ದೆ. ಅವ್ವ ಎರಡು ಸಲ ಪಲ್ಯ ಬೇಕೇನು ಎಂದು ಕೇಳಿದಳಂತೆ.

ಮರುದಿನ ಬೆಳಿಗ್ಗೆ ದೊಡ್ಡವ್ವ ಎರಡನೆಯ ಮಗ್ಗದ ಎಳೆ ಜೋಡಿಸಲು ಕೂತಳು. ಆ ಮಗ್ಗ ನಿಂತಿದ್ದರಿಂದ ಮನೆಯಲ್ಲಿ ಸದ್ದು ಸ್ವಲ್ಪ ಕಡಿಮೆ. ಬಟ್ಟಲು ನೋಡಿ ಕೂಗಿದಳು.

"ನನ್ನ ಬೂದಿ ಯಾರ ಮುಟ್ಟ್ಯಾರ ಬೇ?"

"ನಾನ, ದೊಡ್ಡವ್ವಾ. ಚಿಪ್ಪಿಗೆ ಬೇಕಾಗಿತ್ತು."

"ಸತ್ತ ಚಿಪ್ಪಿಗೆ ವಿಭೂತಿ ಹಚ್ಚಿದ್ಯಾ? ಛಲೋ ಆತು, ಮುಕ್ತಿ ಸಿಕ್ಕಿತು ಅವಕ್ಕ. ತಾ ಇಲ್ಲಿ, ನೋಡೂಣು."

ಡಬ್ಬಿ ಒಯ್ದು ಅವಳ ಪಕ್ಕ ಕೂತೆ. ಅವಳ ಕಣ್ಣು ಈಗ ಮೊದಲಿನಂತಿಲ್ಲ. ಎಳೆಗಳನ್ನು ಬೆರಳಿನಿಂದಲೇ ಎಣಿಸುತ್ತಾಳೆ. ಚಿಪ್ಪನ್ನೂ ಹಾಗೆಯೇ ಬೆರಳ ತುದಿಯಿಂದ ನೋಡಿದಳು. ಅದು ಎಲ್ಲಿಯದು, ಏನು ತಿನ್ನುತ್ತದೆ ಎಂದು ಕೇಳಿದಳು. ಹೇಳಿದೆ.

"ಬಾಯಿ ಇಲ್ಲದ ಉಣ್ಣತೈತಿ?"

"ಬಾಯಿ ಐತಿ, ಉಪಯೋಗ ಭಾಳ ಇಲ್ಲ. ಅದರ ಮನ್ಯಾಗ ಬಾಡಿಗಿ ಮಂದಿ ಅದಾರ ದೊಡ್ಡವ್ವಾ, ಕಣ್ಣಿಗೆ ಕಾಣದಷ್ಟು ಸಣ್ಣವರು. ಅವರ ಅಡಗಿ ಮಾಡಿ ಹಾಕ್ತಾರ."

"ಬಾಡಿಗಿ ಬದಲಿ ಅಡಗಿ!" ದೊಡ್ಡವ್ವ ಕೈ ನಿಲ್ಲಿಸಿದಳು. "ಮತ್ತ ಈಕಿ ಏನ ಮಾಡ್ತಾಳ?"

"ಸಾಮಾನು ತಂದು ಕೊಡ್ತಾಳ. ಕೆಸರಿನ್ಯಾಗ ಕಾಲು ಚಾಚಿ ಗಂಧಕ ಎಳಕೊಂಡು ಬರ್ತಾಳ. ರಕ್ತನೂ ನಮ್ಮಂಗ ಕೆಂಪು."

ದೊಡ್ಡವ್ವ ಕೈಯಲ್ಲಿದ್ದ ಚಿಪ್ಪನ್ನು ಮಗುಚಿ ಒಳಮೈ ಸವರಿದಳು. ಆಮೇಲೆ ಮೆಲ್ಲಗೆ, "ಅಷ್ಟು ಕೆಳಗ, ಕತ್ತಲ್ಯಾಗ, ಹಿಂಗ ಬಾಳೇವು ಮಾಡಬೇಕಂತ ಯಾರ ಹೇಳಿಕೊಟ್ಟಾರ ಬೇ ಅವಕ್ಕ?" ಎಂದಳು.

ಆ ಪ್ರಶ್ನೆಯನ್ನು ನಾನು ಯಾವ ತರಗತಿಯಲ್ಲೂ ಅಷ್ಟು ಸರಳವಾಗಿ ಕೇಳಿರಲಿಲ್ಲ.

ಅವಳು ಒಂದೊಂದನ್ನೇ ಮುಟ್ಟಿ ಕೆಳಗಿಡುತ್ತ ಏಳನೆಯದಕ್ಕೆ ಬಂದಳು. ನೆತ್ತಿಯ ಕೆಳಗೆ ಹೆಬ್ಬೆರಳಿನ ಉಗುರು ಆಡಿಸಿದಳು. ಮತ್ತೊಮ್ಮೆ ಆಡಿಸಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಕೊಕ್ಕೆಯನ್ನು ತೆಗೆದಳು. ಮಗ್ಗದ ಬಾಚಣಿಗೆಯಂಥ ಹಣಿಗೆಯ ಸಂದಿಯಿಂದ ಎಳೆಯನ್ನು ಎಳೆಯುವ ಚಪ್ಪಟೆ ಕೊಕ್ಕೆ ಅದು. ನಾನು ಬೇಡ ಎನ್ನುವಷ್ಟರಲ್ಲಿ ಅದರ ತುದಿಯಿಂದ ಅಲ್ಲಿ ಮೆಲ್ಲಗೆ ಕೆದಕಿದಳು. ಗಟ್ಟಿಯಾಗಿ ಕೂತಿದ್ದ ಬೂದಿಯ ಒಂದು ಸಣ್ಣ ಹೆಂಟೆ ಅವಳ ಅಂಗೈ ಮೇಲೆ ಬಿತ್ತು.

"ಇಲ್ಲಿ ಕುಣಿ ಐತಿ ನೋಡ."

ಸಾಸಿವೆ ಕಾಳು ಕೂರುವಷ್ಟು ಕುಣಿ. ಸವೆದು ಆಳ ಕಡಿಮೆಯಾಗಿತ್ತು, ಆದರೆ ಅಂಚು ಸ್ಪಷ್ಟವಾಗಿತ್ತು. ಉಳಿದ ಆರರ ಕುಣಿಗಳು ಆಳವಾಗಿದ್ದುದರಿಂದ ಊದಿದ ಮೇಲೂ ಕಂಡಿದ್ದವು. ಇದನ್ನು ಬೂದಿ ಪೂರ್ತಿ ತುಂಬಿ ನೆಲಸಮ ಮಾಡಿತ್ತು. ಗೆರೆಯನ್ನು ತೋರಿಸಿದ ಬೂದಿಯೇ ಕುಣಿಯನ್ನು ಮುಚ್ಚಿತ್ತು.

"ಬೂದಿ ಹಚ್ಚೋದು ಕಲಿತಿ, ಒರಸೋದು ಮರತಿ" ಎಂದಳು ದೊಡ್ಡವ್ವ. "ಜೋಡಿಸೋದಾದ ಮ್ಯಾಲ ಹಣಿಗಿ ಒರಸಲಾರದ ಮಗ್ಗ ಚಾಲೂ ಮಾಡ್ತಾರೇನು? ಬೂದಿ ಕುಂತಲ್ಲಿ ಹರದ ಎಳಿ ಕಾಣಂಗಿಲ್ಲ. ಹತ್ತು ಸಲ ಹೇಳೇನಿ ನಿನಗ."

ಖರೆ. ಹತ್ತು ಸಲ ಹೇಳಿದ್ದಳು. ಎಳೆ ಜೋಡಿಸಿ ಮುಗಿದ ಕೂಡಲೇ ಆಟಕ್ಕೆ ಓಡುತ್ತಿದ್ದವಳು ನಾನು. ಒರೆಸುವ ಕೆಲಸ ಯಾವಾಗಲೂ ಅವಳಿಗೇ ಬಿಟ್ಟಿರುತ್ತಿದ್ದೆ.

ನನ್ನ ಮುಖ ನೋಡಿ ಅವಳ ದನಿ ಬದಲಾಯಿತು. "ಯಾಕ ಬೇ? ಏನಾತು?"

ಆಗ ಹಡಗಿನ ವಿಷಯ ಹೇಳಿದೆ. ಪಟ್ಟಿ ನಿನ್ನೆಯೇ ಹೋಗಿದೆ, ಒಂದೇ ಸಲ ಎಂದು ಹೇಳಿದ್ದಾರೆ ಎಂದೂ ಹೇಳಿದೆ. ದೊಡ್ಡವ್ವ ಏಳನೆಯ ಚಿಪ್ಪನ್ನು ಸೆರಗಿನಲ್ಲಿ ಒರೆಸಿ ಹತ್ತಿಯ ಮೇಲೆ ಮಲಗಿಸಿದಳು.

"ಅವರಿಗೆ ತಪ್ಪು ಅಂತ ಗೊತ್ತಾಗೈತೇನು?"

"ಅವರ ಹತ್ರ ಖರೆ ಉತ್ತರ ಐತಿ. ಗೊತ್ತಾಗೇ ಆಗತೈತಿ."

"ಅಂದ್ರ ಹೇಳಿದ್ರೂ ಹಡಗ ಹೋತು, ಹೇಳದಿದ್ರೂ ಹಡಗ ಹೋತು."

"ಹೂಂ."

"ಹಂಗಾರ ಹೇಳಿ ಬಿಡ. ಪುಕ್ಕಟ ಐತಿ" ಎಂದು ಮತ್ತೆ ಎಳೆ ಹೊಸೆಯತೊಡಗಿದಳು.

ಅದು ಅಷ್ಟು ಪುಕ್ಕಟೆಯಾಗಿರಲಿಲ್ಲ. ಚಿಪ್ಪು ಸವೆದಿತ್ತು, ಬೆಳಕು ಸಾಲದಾಗಿತ್ತು ಎಂದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಬೂದಿಯ ವಿಷಯ ಬರೆದರೆ ನಾನು ಅಡ್ಡದಾರಿ ಹಿಡಿದದ್ದು ಗೊತ್ತಾಗುತ್ತದೆ. ಅರ್ಧ ಗಂಟೆ ಫೋನು ಹಿಡಿದು ಕೂತೆ. ಕಡೆಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದೆ. ಏನು ಹಚ್ಚಿದೆ, ಯಾಕೆ ಹಚ್ಚಿದೆ, ಯಾವುದು ಮುಚ್ಚಿತು, ಅದನ್ನು ಕಂಡುಹಿಡಿದವರು ಯಾರು. ಏಳನೆಯದು ಆರ್ಕಿವೆಸಿಕಾ.

ಮಧ್ಯಾಹ್ನ ಮೇಡಂ ಅವರೇ ಫೋನ್ ಮಾಡಿದರು. ನಾನು ಸದ್ದು ಕೇಳದಿರಲೆಂದು ಅಂಗಳ ದಾಟಿ ಬೀದಿಗೆ ಬಂದೆ. ಬೀದಿಯಲ್ಲೂ ಎಲ್ಲರ ಮನೆಯ ಮಗ್ಗಗಳು.

"ಅದೇನು ಸದ್ದು? ಮಳೆಯಾ?"

"ಮಗ್ಗ, ಮೇಡಂ."

"ಏಳನೆಯದು ತಪ್ಪು ಅಂತ ನನಗೆ ನಿನ್ನೆಯೇ ಗೊತ್ತಿತ್ತು. ಯಾಕೆ ತಪ್ಪಾಯಿತು ಅಂತ ಮಾತ್ರ ಗೊತ್ತಿರಲಿಲ್ಲ. ಬೂದಿ ಅಂದರೆ ಯಾವ ಬೂದಿ?"

"ಕುಳ್ಳಿನ ಬೂದಿ."

"ನೀನು ಆಳಸಮುದ್ರದ ಮಾದರಿಗೆ ಸಗಣಿಯ ಬೂದಿ ಹಚ್ಚಿದ್ದೀಯಾ?"

"ಹೌದು, ಮೇಡಂ."

ಅವರು ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. "ಪುಡಿ ಹಚ್ಚಿ ಗುರುತು ಎಬ್ಬಿಸುವುದು ತಪ್ಪಲ್ಲ. ನಾವೂ ಮಾಡುತ್ತೇವೆ, ಬೇರೆ ಪುಡಿಯಿಂದ. ಆದರೆ ಹಚ್ಚುವ ಮೊದಲು ಒಮ್ಮೆ ನೋಡಿ ಬರೆದಿಡಬೇಕು, ತೊಳೆದ ಮೇಲೆ ಇನ್ನೊಮ್ಮೆ ನೋಡಿ ಬರೆಯಬೇಕು. ನೀನು ನಡುವಿನದನ್ನು ಮಾತ್ರ ನೋಡಿದೆ. ಸಮುದ್ರದಿಂದ ಇಂಥದ್ದೊಂದು ಜೀವ ಮೇಲೆ ಬರುವುದು ಎಷ್ಟು ಅಪರೂಪ ಅಂತ ನಿನಗೆ ಗೊತ್ತಿದೆ. ಹಡಗಿನ ಮೇಲೆ ಇದೇ ಆಗಿದ್ದರೆ?"

"ತಪ್ಪಾಯಿತು."

"ಹಡಗಿನ ಜಾಗ ಅವಳಿಗೆ. ಅವಳ ಹನ್ನೆರಡೂ ಸರಿ. ನಾವು ತಿರುಗಿ ಬರುವವರೆಗೆ ನೀನು ಕಪಾಟು ನೋಡಬೇಕು. ಒಣಗಿದ ಸಂಗ್ರಹದ ಖಾನೆಗಳು ಎಷ್ಟೋ ವರ್ಷದಿಂದ ಹಾಗೇ ಇವೆ, ಒಂದೊಂದನ್ನೂ ನೋಡಿ ಬರೆದಿಡು. ಮತ್ತೆ, ನಿಮ್ಮ ದೊಡ್ಡಮ್ಮನಿಗೆ ನಮಸ್ಕಾರ ಹೇಳು."

ಫೋನು ಇಟ್ಟ ಮೇಲೆ ಬೀದಿಯಲ್ಲೇ ನಿಂತಿದ್ದೆ. ಅಳು ಬಂತು. ಬನಹಟ್ಟಿಯ ಬೀದಿಯಲ್ಲಿ ಅಳುವುದು ಸುಲಭ, ಮಗ್ಗಗಳು ನಡೆದಿರುವಷ್ಟು ಹೊತ್ತು ಯಾರಿಗೂ ಕೇಳುವುದಿಲ್ಲ. ಮುಖ ತೊಳೆದು ಒಳಗೆ ಹೋದಾಗ ದೊಡ್ಡವ್ವ ತಲೆಯೆತ್ತದೆ ಕೇಳಿದಳು.

"ಹಡಗ ಹೋತೇನು?"

"ಹೋತು. ಮೇಡಂ ನಿನಗ ನಮಸ್ಕಾರ ಹೇಳ್ಯಾರ."

"ನನಗ್ಯಾಕ ನಮಸ್ಕಾರ? ನಿನ್ನ ಹಡಗ ಮುಣುಗಿಸಿದ್ದಕ್ಕ?"

ಇಬ್ಬರಿಗೂ ಒಮ್ಮೆಲೇ ನಗು ಬಂತು. ಅವಳು ಜೋಡಿಸುತ್ತಿದ್ದ ಎಳೆ ಕೈಯಿಂದ ಜಾರಿತು, ಅದಕ್ಕೂ ನನ್ನನ್ನೇ ಬೈದಳು.

ಹಡಗು ಹೊರಟ ದಿನ ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಇದ್ದೆ. ಬೆಳಿಗ್ಗೆ ಗೆಳತಿ ದಂಡೆ ದೂರವಾಗುತ್ತಿರುವ ಫೋಟೊ ಕಳಿಸಿದಳು. ಒಳ್ಳೆಯದಾಗಲಿ ಎಂದು ಬರೆದೆ, ಹಾಗೆಯೇ ಅನಿಸಿತ್ತು ಕೂಡ. ಆದರೂ ಫೋಟೊವನ್ನು ಎರಡನೆಯ ಸಲ ತೆರೆಯಲಿಲ್ಲ. ಕಪಾಟಿನ ಮೊದಲ ಖಾನೆ ಎಳೆದೆ.

ಒಳಗೆ ಕಾಗದದಲ್ಲಿ ಸುತ್ತಿದ ಪೊಟ್ಟಣಗಳು. ಚೀಟಿಗಳ ಮೇಲೆ ಯಾವ ವರ್ಷ, ಎಲ್ಲಿಂದ, ಎಷ್ಟು ಆಳದಿಂದ ಎಂಬುದಷ್ಟೇ ಇತ್ತು, ಹೆಸರಿರಲಿಲ್ಲ. ಮೊದಲ ಪೊಟ್ಟಣ ಬಿಚ್ಚಿ ನಾನು ಹಾಗೆಯೇ ನಿಂತೆ. ಅದು ಬಿಡಿ ಚಿಪ್ಪಾಗಿರಲಿಲ್ಲ. ಎರಡೂ ಚಿಪ್ಪುಗಳು ಕೂಡಿಕೊಂಡೇ ಇದ್ದ ಇಡೀ ಮನೆ. ಹಿಂದಿನಿಂದ ಅವನ್ನು ಹಿಡಿದಿದ್ದ ಕಪ್ಪು ಪಟ್ಟಿ ಒಣಗಿ ಗಟ್ಟಿಯಾಗಿ, ಬಾಗಿಲು ಭದ್ರವಾಗಿ ಮುಚ್ಚಿಕೊಂಡಿತ್ತು. ನನ್ನ ಎರಡು ಅಂಗೈ ಸೇರಿಸಿದರೆ ಮಾತ್ರ ಹಿಡಿಸುವಷ್ಟು ದೊಡ್ಡದು. ನಾನು ಹುಟ್ಟುವ ಮೊದಲೇ ಯಾರೋ ಅದನ್ನು ಆ ಕತ್ತಲೆಯಿಂದ ಮೇಲೆ ತಂದಿದ್ದರು. ಆದರೆ ಅದರ ಒಳಗಿನ ಕತ್ತಲೆ ಇನ್ನೂ ಹಾಗೇ ಉಳಿದಿತ್ತು.

ಯಾವ ಕುಲ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ. ಹೇಳುವ ಗುರುತುಗಳೆಲ್ಲ ಒಳಗಿವೆ. ಚೂರಿಯ ತುದಿ ಇಟ್ಟು ಸ್ವಲ್ಪ ಒತ್ತಿದರೆ ಒಣಗಿದ ಪಟ್ಟಿ ಮುರಿಯುತ್ತಿತ್ತು. ಮೇಜಿನ ಮೇಲೆ ಚೂರಿಯೂ ಇತ್ತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಉದ್ದ, ಅಗಲ, ದಪ್ಪ ಅಳೆದೆ. ಹೊರಮೈಯ ಬಣ್ಣ ಬರೆದೆ. ಕುಲದ ಮುಂದೆ ಬರೆದದ್ದು ಇಷ್ಟು: ಮುಚ್ಚಿದೆ, ತೆರೆದಿಲ್ಲ. ಆಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಮೆಲ್ಲಗೆ ಓರೆ ಮಾಡಿದೆ. ಒಳಗೆ ಏನೋ ಒಂದು ಸಣ್ಣದು, ಮರಳಿನ ಕಣವಿರಬೇಕು, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಯಿತು.